ಹೊಲದ ಯಜಮಾನನ ಪಾಲು

ಆ ಕಾಗದ ಸ್ವಲ್ಪ ಕೆಳಗಿಡಿ ಭಾವ, ಎಲ್ಲಾ ಹೇಳ್ತೀನಿ. ಬಾಗಿಲು ಹಾಕ್ಬಿಡ್ಲಾ? ಅಕ್ಕ ಮೇಲಿದಾಳೆ, ಕೇಳಿಸ್ಕೊಂಡ್ರೆ ಗಾಬರಿ ಆಗ್ತಾಳೆ... ಹೂಂ. ಪೊಲೀಸರಿಂದಾನೇ ಬಂದಿರೋದು. ಗುರುವಾರ ಬಂದು ಹೇಳಿಕೆ ಕೊಡಿ ಅಂತ, ಅಷ್ಟೇ. ಅರೆಸ್ಟು ಗಿರೆಸ್ಟು ಅಂತ ಎಲ್ಲೂ ಬರೆದಿಲ್ಲ, ನೋಡಿ.

ಎರಡು ಮೊಲ ಭಾವ. ಎರಡೇ ಎರಡು ಮೊಲ.

ನಿಮಗೆ ಗೊತ್ತಿಲ್ದೇ ಇರೋದೇನು? ನಮ್ಮ ಮಾಗಡಿ ಕಡೆ ಯುಗಾದಿ ಮಾರನೇ ದಿನ ಹೊಸತೊಡಕಿಗೆ ಬೇಟೆ ಮಾಂಸ ಬೇಯದಿದ್ರೆ ಅದು ಯುಗಾದೀನೇ ಅಲ್ಲ. ಈ ದೇಶಕ್ಕೆ ಬಂದು ಐದು ವರ್ಷ ಫ್ರೀಜರ್ ಕೋಳಿ ತಿಂದೆ. ಸಾಕಾಗಿತ್ತು. ಏರ್ ಗನ್ ತಗೊಂಡೆ. ಈ ಥರದ್ದಕ್ಕೆ ಇಲ್ಲಿ ಲೈಸೆನ್ಸೇ ಬೇಡ. ಗನ್ನೇ ಇಷ್ಟು ಸಲೀಸಾಗಿ ಸಿಕ್ತು, ಜಾಗ ಸಿಗಲ್ವಾ ಅಂದ್ಕೊಂಡೆ.

ಹುಡುಕಿದೀನಿ ಭಾವ, ಕಾನೂನು ಪ್ರಕಾರಾನೇ ಹುಡುಕಿದೀನಿ. ಎಪ್ಪಿಂಗ್ ಕಾಡಿನವರನ್ನ ಕೇಳ್ದೆ, ಆಗಲ್ಲ. ಕೌನ್ಸಿಲ್‌ಗೆ ಬರೆದೆ, ಆಗಲ್ಲ. ಎಲ್ಲರ ಜಾಗ ಅಂತಾರೆ, ಆ ಎಲ್ಲರ ಜಾಗಕ್ಕೂ ಇಲ್ಲಿ ಒಬ್ಬ ಯಜಮಾನ ಇರ್ತಾನೆ, ಅವನ ಒಪ್ಪಿಗೆ ಬೇಕು. ಹೊಲದವರಿಗೆ ಹನ್ನೊಂದು ಕಾಗದ ಹಾಕ್ದೆ. ಉತ್ತರ ಕೊಟ್ಟಿದ್ದು ಒಬ್ಬಳು ಮುದುಕಿ. ನಮ್ಮ ಹೊಲದ ಮೊಲಗಳಿಗೆಲ್ಲ ಮೊಮ್ಮಕ್ಕಳು ಹೆಸರಿಟ್ಟಿದ್ದಾರೆ, ಕ್ಷಮಿಸಿ, ಅಂತ...

ನಗ್ತೀರಲ್ಲ. ನಗಿ, ನಗಿ.

ಅಷ್ಟರಲ್ಲಿ ಹಬ್ಬ ಬಂದೇ ಬಿಡ್ತು. ಯುಗಾದಿ ಸಂಜೆ, ಹೇವರಿಂಗ್ ಕಡೆ ಒಂದು ಹೊಲ. ಬೇಲಿ ಕಿತ್ತುಹೋಗಿತ್ತು, ಮೊಲಗಳು ಆರಾಮಾಗಿ ಮೇಯ್ತಿದ್ವು. ಯಾರನ್ನ ಕೇಳ್ಲಿ? ಕಣ್ಣು ಹಾಯೋವರೆಗೂ ಒಂದು ಮನೆ ಇಲ್ಲ. ಹೊಡೆದೆ.

ಹೌದು, ಒಪ್ಪಿಗೆ ಇದೆ ಅಂತ ನಿಮಗೆ ಹೇಳಿದ್ದು ಸುಳ್ಳು. ನೀವು ಸಾರು ಇನ್ನೊಂದು ಸೌಟು ಹಾಕು ಅಂತಿದ್ರಿ... ನಿಜ ಹೇಳೋಕೆ ಬಾಯಿ ಬರ್ಲಿಲ್ಲ.

ಆದ್ರೆ ನಾನು ಕಳ್ಳ ಅಲ್ಲ ಭಾವ! ನಮ್ಮಲ್ಲಿ ಏನು ಪದ್ಧತಿ? ಯಾರ ಹೊಲದಲ್ಲಿ ಬಿತ್ತೋ ಅವರ ಮನೆಗೆ ಒಂದು ತೊಡೆ. ಅವರೂ ತಿಂದ್ರು ಅಂದ್ರೆ ಮುಗೀತು, ಯಾರೂ ಯಾರನ್ನೂ ಕೇಳಲ್ಲ. ಬೆಳಿಗ್ಗೆ ಎದ್ದು ಒಂದು ತೊಡೆ ಚೊಕ್ಕ ಮಾಡಿ, ಅರಿಶಿನ ಹಚ್ಚಿ, ಡಬ್ಬಿಗೆ ಹಾಕ್ಕೊಂಡು ಆ ಹೊಲದ ಯಜಮಾನನ ಮನೆ ಹುಡುಕ್ಕೊಂಡು ಹೋದೆ. ಬಾಗಿಲು ತಟ್ಟಿ, ನಿನ್ನೆ ನಿಮ್ಮ ಹೊಲದಲ್ಲಿ ಹೊಡೆದದ್ದು, ಇದು ನಿಮ್ಮ ಪಾಲು, ಅಂದೆ. ಕಳ್ಳ ಹಂಗೆ ಹೋಗ್ತಾನಾ? ಅವನು ಡಬ್ಬಿ ನೋಡ್ದ, ನನ್ನ ಮುಖ ನೋಡ್ದ. ಥ್ಯಾಂಕ್ಯೂ ಅಂತ ಡಬ್ಬಿ ಇಸ್ಕೊಂಡ. ಈಗ ಅದು ಪೊಲೀಸರ ಹತ್ರ ಇದೆಯಂತೆ, ಸಾಕ್ಷಿಗೆ. ಇರಲಾರದೆ ಇರುವೆ ಬಿಟ್ಕೊಂಡೆ.

ಈಗ್ಯಾಕೆ ನಗ್ತಿಲ್ಲ?

ನನ್ನ ಕಷ್ಟ ಕೇಳಿ. ಮುಂದಿನ ತಿಂಗಳು ಇಲ್ಲಿ ಪರ್ಮನೆಂಟಾಗಿ ಉಳಿಯೋ ಅರ್ಜಿ ಹಾಕ್ಬೇಕು. ಅದಕ್ಕೋಸ್ಕರ ಐದು ವರ್ಷ ಕ್ಯಾನರಿ ವಾರ್ಫ್‌ನ ಆಫೀಸಲ್ಲಿ ತಲೆ ಎತ್ತದೆ ದುಡಿದೆ. ಪೊಲೀಸ್ ಕೇಸ್ ಇದ್ಯಾ ಅಂತ ಕೇಳ್ತಾರೆ. ಇದೆ ಅಂದ್ರೆ ನಾನು, ಕೃತಿ, ಮಗು... ಗಂಟುಮೂಟೆ ಕಟ್ಟಬೇಕಾಗತ್ತೆ. ನಂಗೆ ಭಯ ಆಗ್ತಿದೆ ಭಾವ. ನಿಮಗಾದ್ರೆ ಇಲ್ಲಿನ ಪಾಸ್‌ಪೋರ್ಟ್ ಇದೆ. ಹೆಚ್ಚಂದ್ರೆ ಬುದ್ಧಿ ಹೇಳಿ ಕಳಿಸ್ತಾರೆ. ಗುರುವಾರ ನೀವೇ ಹೋಗಿ, ನಾನೇ ಹೊಡೆದದ್ದು ಅಂತ ಒಂದೇ ಒಂದು ಮಾತು...

ಬೇಕಾದ್ರೆ ಬೈದು ಬಿಡಿ.

ಆ ಕಾಗದದಲ್ಲಿ ಇನ್ನೇನು ಹುಡುಕ್ತಿದೀರಿ? ನಿಮ್ಮ ಹೆಸರು ಹೆಂಗೆ ಬಂತು ಅಂತಾನಾ? ಕಾರಿಂದ. ನಿಮ್ಮ ಕಾರಲ್ಲೇ ಹೋಗಿದ್ನಲ್ಲ, ಅವನು ನಂಬರ್ ಬರ್ಕೊಂಡಿರ್ತಾನೆ. ಪೊಲೀಸರು ಕಂಪ್ಯೂಟರಲ್ಲಿ ಹಾಕಿದ್ರೆ ಕಾರು ಯಾರದು, ಚಂದ್ರಶೇಖರ್‌ದು ಅಂತ ತೋರ್ಸತ್ತೆ. ಅಷ್ಟೇ. ಬೇರೇನಿಲ್ಲ.

ಡ್ರಾಯರ್‌ನಲ್ಲಿ ಏನು... ಯಾಕೆ ಅದನ್ನ ನನ್ನ ಕೈಗೆ ಕೊಡ್ತೀರಿ? ಇದು ಕಾರಿನ ರಿಜಿಸ್ಟ್ರೇಷನ್...

ವಂದನಾ.

ಕಾರು ಅಕ್ಕನ ಹೆಸರಲ್ಲಿದ್ಯಾ?

ಬಾಗಿಲಿಗೆ ಅಡ್ಡ ನಿಲ್ಲಬೇಡಿ ಭಾವ. ಹಂಗೆ ನೋಡ್ಬೇಡಿ. ಆ ಹೊಲದವನು... ಡಬ್ಬಿ ಇಟ್ಟು ಒಳಗಿಂದ ಪೆನ್ನು ಹಿಡ್ಕೊಂಡು ಬಂದ. ಪೆನ್ನು ನೋಡಿದ ಕೂಡ್ಲೇ, ಪೊಲೀಸರಿಗೆ ಹೇಳ್ತಾನೆ ಅಂತ ನಂಗೆ ಅರ್ಥ ಆಯ್ತು. ಹೆಸರೇನು ಅಂದ. ನಿಮ್ಮ ಹೆಸರು ಹೇಳ್ದೆ.

ಅವನು ಬರೀ ಹೆಸರು ಕೇಳಿದ್ದು ಭಾವ. ಮನೆ ನಂಬರು, ಪೋಸ್ಟ್‌ಕೋಡು... ಕೇಳದೇ ಇದ್ರೂ ನಾನೇ ಹೇಳ್ದೆ.