ಹೊಸ್ತಿಲ ಆಚೆಯವಳ ಗುಣದೋಷ

ಮಾನ್ಯ ಅಧ್ಯಕ್ಷರೇ, ಬಹುಮಾನ ಕೊಡಲೆಂದೇ ದೂರದಿಂದ ಬಂದಿರುವ ಅತಿಥಿಗಳೇ, ಮೊಬೈಲಿನ ಆಟ ಮಾಡುವವರೇ, ಆಡುವವರೇ, ಹಿಂದಿನ ಸಾಲಿನಲ್ಲಿ ಈಗಲೂ ಆಡುತ್ತಿರುವವರೇ, ಸಭಿಕರೇ. ಯಾರನ್ನಾದರೂ ಬಿಟ್ಟಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಯಾರನ್ನು ಮೊದಲು ಹೇಳಬೇಕು, ಯಾರನ್ನು ಆಮೇಲೆ ಎಂದು ಯೋಚಿಸಿ ಯೋಚಿಸಿ ವಾರದಿಂದ ನನ್ನ ಹೊಟ್ಟೆಯೇ ಸರಿಯಿಲ್ಲ.

ಮೊನ್ನೆ ಒಂದು ಕೆಟ್ಟ ಕನಸು ಬಿತ್ತು. ಇದೇ ವೇದಿಕೆ, ಇದೇ ಮೈಕು. ನಾನು ಬಾಯಿ ತೆರೆಯುವ ಹೊತ್ತಿಗೆ ಎದುರಿಗೆ ಗಾಳಿಯಲ್ಲಿ ಮೂರು ಚೌಕಗಳು ಬಂದು ನಿಂತವು. ಒಂದರಲ್ಲಿ ‘ಗಂಡನನ್ನು ಹೊಗಳು’ ಎಂದಿತ್ತು. ಇನ್ನೊಂದರಲ್ಲಿ ‘ಗಂಡನನ್ನು ಬೈ’. ಮೂರನೆಯದರಲ್ಲಿ ‘ಅಳು’. ಯಾವುದನ್ನು ಒತ್ತಿದರೂ ನೀವೆಲ್ಲ ಚಪ್ಪಾಳೆ ತಟ್ಟುತ್ತಿದ್ದಿರಿ. ಇಳಿದು ಹೋಗೋಣವೆಂದರೆ ವೇದಿಕೆಗೆ ಮೆಟ್ಟಿಲೇ ಇರಲಿಲ್ಲ. ಎಚ್ಚರವಾದಾಗ ಮೊದಲು ಮಾಡಿದ ಕೆಲಸವೆಂದರೆ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿದ್ದೇನೆಯೇ ಎಂದು ನೋಡಿದ್ದು. ನನ್ನ ಸ್ವಭಾವವೇ ಹಾಗೆ. ಇಲ್ಲಿ ನಿಂತು ಈಗಲೂ ಅದನ್ನೇ ಯೋಚಿಸುತ್ತಿದ್ದೇನೆ.

ಸಂಘದ ಕಾರ್ಯದರ್ಶಿಗಳು ಫೋನು ಮಾಡಿದ್ದರು. “ಮೇಡಂ, ನಿಮ್ಮ ಯಜಮಾನರ ಆಟಕ್ಕೆ ಈ ವರ್ಷದ ಬಹುಮಾನ ಬಂದಿದೆ. ಅವರಿಲ್ಲ, ನೀವೇ ತಗೋಬೇಕು. ಹಾಗೇ ಆಟದ ಗುಣ ಏನು, ದೋಷ ಏನು ಅಂತ ಎರಡು ಮಾತಾಡಿ” ಎಂದರು.

“ನಂಗೇನು ಗೊತ್ತು ಸಾರ್, ನಾನು ಬಟ್ಟೆ ಹೊಲಿಯೋಳು” ಎಂದೆ.

“ಬಾಯಿಗೆ ಬಂದದ್ದು ಹೇಳಿ ಮೇಡಂ, ಹೆದರ್ಬೇಡಿ. ಯಾರೂ ಕೇಳಿಸ್ಕೊಳ್ಳಲ್ಲ” ಎಂದರು. ಒಳ್ಳೆಯವರು. ಧೈರ್ಯ ಹೇಳಿದರು.

ನಾನು ಎರಡು ಸಲ ಶಾಲೆ ಬಿಟ್ಟವಳು. ಒಮ್ಮೆ ಅಮ್ಮ ಹಾಸಿಗೆ ಹಿಡಿದಾಗ, ಇನ್ನೊಮ್ಮೆ ಮತ್ತೆ ಸೇರಿ, ನನಗಿಂತ ಗಿಡ್ಡ ಮಕ್ಕಳ ನಡುವೆ ಕೂರಲು ನಾಚಿಕೆಯಾದಾಗ. ಅದಕ್ಕೇ ಈ ಆಟದ ಮೊದಲ ಗುಣ ನನಗೆ ಚೆನ್ನಾಗಿ ಗೊತ್ತು. ಆಡದವರಿಗೆ ಹೇಳುತ್ತೇನೆ, ಇದರಲ್ಲಿ ಓಡುವುದು, ಹೊಡೆಯುವುದು ಏನೂ ಇಲ್ಲ. ಪರದೆಯ ಮೇಲೆ ಚಿತ್ರ ಬರುತ್ತದೆ, ಕೆಳಗೆ ಒಂದು ಮಾತು ಬರುತ್ತದೆ. ಓದಿ ಬೆರಳಿಟ್ಟರೆ ಮುಂದಿನ ಮಾತು. ನಡುನಡುವೆ ಮೂರು ಚೌಕ ಕೊಟ್ಟು, ಈಗೇನು ಮಾಡುತ್ತೀಯ ಎಂದು ಕೇಳುತ್ತದೆ. ನೀವು ಆರಿಸಿದಂತೆ ಕಥೆ ತಿರುಗುತ್ತದೆ. ಟೀವಿಯ ಅಕ್ಷರಗಳು ನನ್ನ ಕಣ್ಣು ತಲುಪುವ ಮೊದಲೇ ಓಡಿಹೋಗುತ್ತವೆ. ಇದು ಹಾಗಲ್ಲ. ನಾನು ಒಂದು ಸಾಲನ್ನು ಒಡೆದು ಒಡೆದು ಓದಿ ಮುಗಿಸುವವರೆಗೆ ಇದು ಕಾಯುತ್ತದೆ. ಇದನ್ನು ಮಾಡಿದ ಮನುಷ್ಯ ನನ್ನ ಒಂದು ಮಾತು ಮುಗಿಯುವವರೆಗೆ ಕಾದದ್ದು ನನಗೆ ನೆನಪಿಲ್ಲ. ಆಟ ಕಾಯುತ್ತದೆ. ಗುಣವನ್ನು ಗುಣ ಎನ್ನಲೇಬೇಕು.

ಕಥೆ ನಿಮಗೆಲ್ಲ ಗೊತ್ತು. ಒಬ್ಬ ಚಿತ್ರಕಾರ. ಒಂದು ಕೋಣೆ. ಕಿಟಕಿಗೆ ಕಪ್ಪು ಪರದೆ. ದಿನಾ ಮಧ್ಯಾಹ್ನ ಬಾಗಿಲಿಗೆ ಒಬ್ಬ ಹೆಂಗಸು ಬರುತ್ತಾಳೆ, ಕೈಯಲ್ಲಿ ಮುಚ್ಚಿದ ತಟ್ಟೆ. ಅವಳು ವ್ಯಾಂಪೈರ್, ರಕ್ತ ಹೀರುವವಳು. ಒಳಗಿದ್ದವರು ಕರೆಯದೆ ಅವಳು ಹೊಸ್ತಿಲು ದಾಟುವಂತಿಲ್ಲ. ಆ ಜಾತಿಯ ದೆವ್ವಗಳಿಗೆಲ್ಲ ಅದೇ ನಿಯಮವಂತೆ. “ಒಳಗೆ ಬರಲಾ?” ಎಂದು ಕೇಳುತ್ತಾಳೆ. ಒಳಗೆ ಕಾಲಿಡದಿದ್ದರೂ, ಅವಳು ಬಾಗಿಲಿಗೆ ಬಂದುಹೋದಂತೆಲ್ಲ ಇವನು ಸೊರಗುತ್ತಾನೆ.

ಸಭಿಕರೇ, ಆ ಕಪ್ಪು ಪರದೆಯನ್ನು ಹೊಲಿದವಳು ನಾನು. ಹಗಲು ಬೆಳಕು ಬಿದ್ದರೆ ಕೆಲಸ ಕೆಡುತ್ತದೆ ಎಂದರು ನಮ್ಮ ಯಜಮಾನರು, ಎರಡು ಪದರ ಕೊಟ್ಟು ಹೊಲಿದುಕೊಟ್ಟೆ. ಹಗಲಿಡೀ ಕತ್ತಲಲ್ಲಿ ಇದ್ದವರಾರು? ಬಿಸಿಲು ಕಂಡರೆ ಮುಖ ತಿರುಗಿಸುತ್ತಿದ್ದವರಾರು? ಸಂಜೆ ನಾಲ್ಕು ಜನ ಮನೆಗೆ ಬಂದರೆ ಒಳಗೆ ಸೇರಿಕೊಳ್ಳುತ್ತಿದ್ದವರಾರು? ನಾನು ದಿನಾ ಬೆಳಿಗ್ಗೆ ಅಂಗಳದಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತು ಗುಂಡಿ ಹಚ್ಚುತ್ತಿದ್ದೆ. ಆದರೂ ಕಥೆಯಲ್ಲಿ ಕೋರೆಹಲ್ಲು ಸಿಕ್ಕಿದ್ದು ನನಗೆ.

ಇವತ್ತು ಗೇಟಿನ ಹತ್ತಿರ ಒಬ್ಬಳು ಕಾಲೇಜು ಹುಡುಗಿ ಓಡಿ ಬಂದು, “ಆಂಟಿ, ಅವಳು ನೀವೇ ತಾನೆ? ಒಂದ್ಸಲ ಹಲ್ಲು ತೋರ್ಸಿ, ಫೋಟೋ ತಗೋತೀನಿ” ಎಂದಳು. ತೋರಿಸಿದೆ. ಒಂದು ಹಲ್ಲು ಬಿದ್ದಿರುವುದನ್ನು ಕಂಡು ಅವಳಿಗೇ ಪಾಪ ಎನ್ನಿಸಿತು.

ಗುಣದಲ್ಲಿ ಇನ್ನೊಂದು, ಅದರ ಸದ್ದು. ಅವಳು ಬರುವ ಮೊದಲು ದೂರದಲ್ಲಿ ಟಕಟಕಟಕ ಎಂದು ಕೇಳಿಸುತ್ತದಲ್ಲ, ಹಲ್ಲು ಕಡಿದಂತೆ? ಅದು ನಿಂತಿತೆಂದರೆ ಅವಳು ಬಾಗಿಲಿಗೆ ಬಂದಳೆಂದೇ ಅರ್ಥ. ಎದೆ ನಡುಗಿಸುವ ಸದ್ದು ಎಂದು ನೀವೆಲ್ಲ ಬರೆದಿದ್ದೀರಿ. ಅದು ನನ್ನ ಹೊಲಿಗೆ ಮೆಷಿನ್ನು. ಬೆಲ್ಟು ಸಡಿಲಾಗಿತ್ತು, ಅದಕ್ಕೇ ಪ್ರತಿ ಸುತ್ತಿಗೂ ಒಂದು ಕಟಕ್ ಬರುತ್ತಿತ್ತು. ಎಷ್ಟೋ ಸಲ ಹೇಳಿದ್ದೆ, ಸ್ವಲ್ಪ ಸರಿಮಾಡಿಕೊಡಿ ಎಂದು. ಸರಿಮಾಡಲಿಲ್ಲ, ಆ ಸದ್ದನ್ನೇ ರೆಕಾರ್ಡು ಮಾಡಿ ಹಿಡಿದಿಟ್ಟುಕೊಂಡರು. ಯಾವಾಗ ಹಿಡಿದರೋ ಗೊತ್ತೇ ಆಗಲಿಲ್ಲ. ಆ ಸದ್ದು ನಿಂತರೆ ಊಟ ಬರುತ್ತದೆ ಎಂದು ಅವರಿಗೆ ಗೊತ್ತಿತ್ತು. ನಿಮಗೆ ನಡುಕ ಹುಟ್ಟಿಸಿದ ಆ ಸದ್ದೇ ನಮ್ಮ ಮನೆಯಲ್ಲಿ ಒಲೆ ಹಚ್ಚುತ್ತಿತ್ತು.

ಇನ್ನು ದೋಷ. ಆಟಕ್ಕೆ ಚಿತ್ರ ಬರೆದ ಹುಡುಗಿ ಮುಂದಿನ ಸಾಲಿನಲ್ಲೇ ಕೂತಿದ್ದಾಳೆ, ಬೇಜಾರು ಮಾಡಿಕೊಳ್ಳಬೇಡಮ್ಮ. ಆ ಹೆಂಗಸಿನ ನಿಲುವಂಗಿಯ ತೋಳು ಕೂರುವುದೇ ಇಲ್ಲ. ಅಷ್ಟು ಬಿಗಿ ಕಂಕುಳಿಟ್ಟರೆ ತಟ್ಟೆ ಹಿಡಿಯುವುದಿರಲಿ, ಕೈ ಎತ್ತಿದರೆ ಪರ್ರೆಂದು ಹರಿಯುತ್ತದೆ. ಮತ್ತೆ, ತಟ್ಟೆ ತರುವವಳು ತಾನು ಯಾವಾಗ ಉಣ್ಣುತ್ತಾಳೆ ಎಂದು ಆಟದಲ್ಲಿ ಎಲ್ಲೂ ಇಲ್ಲ. ರಕ್ತ ಕುಡಿಯುತ್ತಾಳಲ್ಲ ಎನ್ನುತ್ತೀರಿ. ಅದೂ ಸರಿ.

ದೊಡ್ಡ ದೋಷವನ್ನು ಪತ್ರಿಕೆಯವರೇ ಹೇಳಿದ್ದಾರೆ. ಏನು ಆರಿಸಿದರೂ ಕೊನೆಗೆ ಚಿತ್ರಕಾರ ಸಾಯುತ್ತಾನೆ. ಅವಳು “ಒಳಗೆ ಬರಲಾ?” ಎಂದು ಕೇಳಿದಾಗಲೆಲ್ಲ ಮೂರು ಚೌಕ. ‘ಆಮೇಲೆ.’ ‘ಅಲ್ಲೇ ಇಡು.’ ಮೂರನೆಯದರಲ್ಲಿ ಬರೀ ಮೂರು ಚುಕ್ಕಿ, ಅಂದರೆ ಮಾತಾಡದೆ ಇರುವುದು. ಈ ಮೂರು ಉತ್ತರ ಎಷ್ಟು ಸಹಜವಾಗಿವೆ, ಎಷ್ಟು ಚೆನ್ನಾಗಿ ಬರೆದಿದ್ದಾರೆ ಎಂದು ಅಧ್ಯಕ್ಷರು ಈಗಷ್ಟೇ ಹೊಗಳಿದರು. ಬರೆಯುವುದೇನು ಬಂತು ಸ್ವಾಮಿ? ನನಗೆ ದಿನಾ ಸಿಗುತ್ತಿದ್ದ ಉತ್ತರಗಳೇ ಅವು. ನಾಲ್ಕನೆಯ ಉತ್ತರವನ್ನು ನಾನು ಆ ಬಾಗಿಲಲ್ಲಿ ಕೇಳಿಯೇ ಇಲ್ಲ. ಮದುವೆಯಾದ ಹೊಸದರಲ್ಲಿ ಒಮ್ಮೆ ಕೇಳದೆ ಒಳಗೆ ಹೋಗಿದ್ದೆ. ಅವರ ಕೆಲಸವೇನೋ ಅರ್ಧಕ್ಕೆ ನಿಂತು ಕೆಟ್ಟುಹೋಯಿತಂತೆ. “ಕರೆಯದೆ ಬರಬೇಡ ಅಂದ್ರೆ ಬರಬೇಡ” ಎಂದರು. ಆಮೇಲೆ ಹೋಗಲಿಲ್ಲ. ಹೇಳಿದ ಮಾತು ಕೇಳುವವಳು ನಾನು.

ಆ ದಿನವೂ ಹೋಗಲಿಲ್ಲ.

ಇದನ್ನು ಹೇಳಬೇಕೆಂದಿರಲಿಲ್ಲ. ಬರೆದುಕೊಂಡು ಬಂದದ್ದರಲ್ಲೂ ಇಲ್ಲ. ರಜೆ ಮುಗಿದು ಶಾಲೆ ಶುರುವಾಗುವ ಸಮಯ, ಸಮವಸ್ತ್ರದ ರಾಶಿ ಬಿದ್ದಿತ್ತು. ಮೆಷಿನ್ನು ನಿಲ್ಲಿಸಿ, ತಟ್ಟೆ ತೆಗೆದುಕೊಂಡು ಹೋಗಿ, “ಒಳಗೆ ಬರಲಾ?” ಎಂದೆ. ಉತ್ತರವಿಲ್ಲ. ಉತ್ತರ ಕೊಡದಿರುವುದೂ ಅವರ ಮೂರು ಉತ್ತರಗಳಲ್ಲಿ ಒಂದು ತಾನೆ? ತಟ್ಟೆ ಹೊಸ್ತಿಲ ಹತ್ತಿರ ಇಟ್ಟು ಬಂದು ಕಾಲರು ಹೊಲಿದೆ. ಸಂಜೆ ನೋಡಿದರೆ ತಟ್ಟೆ ಇಟ್ಟಲ್ಲೇ ಇತ್ತು. ಅದೂ ಹೊಸದಲ್ಲ. ದೀಪ ಹಚ್ಚುವ ಹೊತ್ತಿಗೆ ಯಾಕೋ ಬಾಗಿಲು ನೂಕಿದೆ. ಕುರ್ಚಿಯಲ್ಲೇ ಇದ್ದರು. ಕಂಪ್ಯೂಟರಿನ ಪರದೆ ಇನ್ನೂ ಬೆಳಗುತ್ತಿತ್ತು, ಅದರಲ್ಲಿ ಒಂದು ಬಾಗಿಲಿನ ಚಿತ್ರ.

“ಮಧ್ಯಾಹ್ನವೇ ಹೋಗಿದಾರಲ್ಲಮ್ಮ, ನೀವೆಲ್ಲಿದ್ರಿ?” ಎಂದು ಡಾಕ್ಟರು ಕೇಳಿದರು. “ಮನೆಯಲ್ಲೇ” ಎಂದೆ.

ನೀರು ಸಿಗಬಹುದೇ? ಬೇಡ, ಇರಲಿ.

ಈ ಆಟ ಇದೆಯೆಂದೇ ನನಗೆ ಗೊತ್ತಿರಲಿಲ್ಲ. ನಮ್ಮ ಯಜಮಾನರ ಜೊತೆ ಕೆಲಸ ಮಾಡುತ್ತಿದ್ದ, ಅವರು ‘ಕನ್ನಡಕ’ ಎಂದು ಕರೆಯುತ್ತಿದ್ದ ಗೆಳೆಯರೊಬ್ಬರು ಆಟವನ್ನು ಪೂರ್ತಿ ಮಾಡಿ ಹೊರಗೆ ತಂದರು. ಅಲ್ಲಿ ಕಂಬದ ಪಕ್ಕ ತಲೆ ತಗ್ಗಿಸಿ ಕೂತಿದ್ದಾರೆ ನೋಡಿ, ಅವರೇ. ನನ್ನ ಮೊಬೈಲಿಗೆ ಹಾಕಿಕೊಡಿ ಎಂದಾಗ, “ಅತ್ತಿಗೆ, ನೀವಿದನ್ನ ಆಡೋದು ಬೇಡ” ಎಂದರು.

“ಯಾಕಪ್ಪ?”

“ಸುಮ್ನೆ. ಹೆದರಿಕೆ ಆಗುತ್ತೆ.”

“ದೆವ್ವ ಇದೆಯಾ?”

“ಹೂಂ ಅತ್ತಿಗೆ” ಎಂದು ನೆಲ ನೋಡಿದರು.

ಆಡಿದೆ. ಒಂದು ಸಲವಲ್ಲ, ಎಲ್ಲ ದಾರಿಯಲ್ಲೂ ಹೋಗಿ ಬಂದೆ. ಹಾಗೆ ಆಡುವಾಗಲೇ ಅದು ಸಿಕ್ಕಿದ್ದು. ನೀವೂ ದೋಷವೆಂದು ಬರೆದಿದ್ದೀರಿ. ಆಟದುದ್ದಕ್ಕೂ ಮೂರೇ ಚೌಕ, ಆದರೆ ಕೊನೆಯ ಸಲ ಅವಳು “ಒಳಗೆ ಬರಲಾ?” ಎಂದಾಗ ನಾಲ್ಕು. ನಾಲ್ಕನೆಯದು ಖಾಲಿ. ಒತ್ತಿದರೆ ಏನೂ ಆಗುವುದಿಲ್ಲ. ಅದೇ ಗೆಳೆಯರನ್ನು ಮೊನ್ನೆ ಕೇಳಿದೆ.

“ಅದೊಂದು ತಪ್ಪು ಅತ್ತಿಗೆ. ಚೌಕ ಇಟ್ಟಿದಾನೆ, ಒಳಗೆ ಮಾತು ಬರೆದಿಲ್ಲ. ಅವನು ಕೊನೇದಾಗಿ ಕೂತಿದ್ದೂ ಅದೇ ದೃಶ್ಯಕ್ಕೆ. ತುಂಬಾ ಜನ ದೂರು ಹೇಳ್ತಿದಾರೆ. ಮುಂದಿನ ವಾರ ತೆಗೆದುಬಿಡ್ತೀವಿ.”

“ಬೇರೆಲ್ಲೂ ಇಲ್ಲದ್ದು ಇಲ್ಯಾಕೆ ಇಟ್ರು?”

“ಕೈತಪ್ಪಿ ಆಗಿರುತ್ತೆ ಬಿಡಿ.”

ಕೈತಪ್ಪಿಯೇ? ಒಂದು ಚುಕ್ಕಿ ಎಲ್ಲಿಡಬೇಕೆಂದು ಅರ್ಧ ದಿನ ಕೂರುತ್ತಿದ್ದ ಮನುಷ್ಯ, ಕೈತಪ್ಪಿ ಒಂದು ಚೌಕ ಇಡುತ್ತಾರೆಯೇ? ನನಗೆ ನಿಮ್ಮ ಕಂಪ್ಯೂಟರು ತಿಳಿಯದು. ಬಟ್ಟೆ ತಿಳಿಯುತ್ತದೆ. ಅಂಗಿಯಲ್ಲಿ ಗುಂಡಿ ತೂರಿಸುವ ಕಾಜಾ ಇದೆ, ಗುಂಡಿ ಇಲ್ಲ ಎಂದರೆ ಗುಂಡಿ ಹಚ್ಚುವ ಯೋಚನೆ ಇತ್ತು ಎಂದೇ ಲೆಕ್ಕ. ಬಟ್ಟೆ ಕತ್ತರಿಸಿ, ಸುತ್ತ ದಾರ ತುಂಬಿ, ಸುಮ್ಮಸುಮ್ಮನೆ ಯಾರೂ ಕಾಜಾ ಮಾಡುವುದಿಲ್ಲ.

ಆದರೆ ಯಾವ ಗುಂಡಿ? ನಾನು ಒಳ್ಳೆಯದನ್ನೇ ಊಹಿಸುವವಳಲ್ಲ. ಅಲ್ಲಿ ‘ಬಾ’ ಎಂದು ಬರೆಯುವವರಿದ್ದರೋ, ‘ತೊಲಗು’ ಎಂದು ಬರೆಯುವವರಿದ್ದರೋ. ಅವರು ಬದುಕಿದ್ದಾಗ ಕೇಳಿದ್ದರೆ ಎರಡನೆಯದೇ ಎಂದು ಹೇಳುತ್ತಿದ್ದೆ. ಈಗ ಇಸ್ತ್ರಿಪೆಟ್ಟಿಗೆಯ ಚಿಂತೆಯ ಹಾಗೆ ಇದೂ ಒಂದು, ಸಾವಿರ ಸಲ ಎದ್ದು ಹೋಗಿ ನೋಡಿದರೂ ಬಿಡುವುದಿಲ್ಲ.

ಈ ಫಲಕ ಭಾರವಾಗಿದೆ, ಚೆನ್ನಾಗಿದೆ. ಎಲ್ಲಿಡುವುದೋ ಗೊತ್ತಿಲ್ಲ, ಆ ಕೋಣೆಯಲ್ಲಿ ಈಗ ನನ್ನ ಮೆಷಿನ್ನು ಇದೆ. ಕಿಟಕಿಯ ಕಪ್ಪು ಪರದೆ ತೆಗೆದಿದ್ದೇನೆ. ಕರೆದು ಕೂರಿಸಿದ ಸಂಘದವರಿಗೆ, ಇಷ್ಟು ಹೊತ್ತು ಕೇಳಿಸಿಕೊಂಡು ಕಾರ್ಯದರ್ಶಿಗಳ ಮಾತನ್ನು ಸುಳ್ಳು ಮಾಡಿದ ನಿಮಗೆಲ್ಲರಿಗೂ ನಾನು ಋಣಿ. ನಮಸ್ಕಾರ.

ಇನ್ನೊಂದೇ ಮಾತು, ಅದು ಕಂಬದ ಪಕ್ಕ ಕೂತವರಿಗೆ. ಏನಪ್ಪಾ, ತೆಗೆಯುವುದಾದರೆ ತೆಗೆಯಿರಿ. ಆದರೆ ಅದಕ್ಕೆ ಮುಂಚೆ ಆ ಖಾಲಿ ಚೌಕದ ಹಿಂದೆ ಅವರು ಏನಾದರೂ ಕಟ್ಟಿಟ್ಟಿದ್ದಾರೆಯೇ, ಒತ್ತಿದವರು ಎಲ್ಲಿಗೆ ಹೋಗಬೇಕಿತ್ತು, ಬಾಗಿಲು ತೆರೆಯುತ್ತಿತ್ತೇ ಮುಚ್ಚುತ್ತಿತ್ತೇ, ಅದೊಂದನ್ನು ಇನ್ನೊಮ್ಮೆ ನೋಡಿ. ಏನಿದ್ದರೂ ಹೇಳಿ, ತಡೆದುಕೊಳ್ಳುತ್ತೇನೆ. ‘ಆಮೇಲೆ’ ಎಂದು ಮಾತ್ರ ಹೇಳಬೇಡಿ.