ಒಪ್ಪಿಗೆ ಕೇಳುವ ಫೈಲು

ಸಂಜೆ ದೊಮ್ಮಲೂರಿನ ಬಸ್ ನಿಲ್ದಾಣದಲ್ಲಿ ಅರೆನಿದ್ದೆಯಲ್ಲಿ ಕೂತಿದ್ದೆ. ಪಕ್ಕದಲ್ಲಿ ಒಂದೇ ಆಫೀಸಿನ ಐಡಿ ಕಾರ್ಡು ಹಾಕಿಕೊಂಡಿದ್ದ ಇಬ್ಬರು ಮಾತಾಡುತ್ತಿದ್ದರು.

"ನಮ್ಮ ಟೀಮಿನ ಶಿವಪುತ್ರನ ಫೈಲ್ ತೆಗೆದ್ರೆ, ಕೋಡ್ ಬರೆಯೋ ಎಡಿಟರ್ ಪ್ರತಿ ಸಲ ಕೇಳುತ್ತೆ ಕಣೋ ನಿತೀಶ್. ಈ ಫೈಲ್ ತನ್ನದೇ ಸೆಟ್ಟಿಂಗ್ಸ್ ತಂದಿದೆ, ಒಪ್ಕೋತೀಯಾ ಅಂತ."

"ನೀನೇನಂತೀಯ?"

"ಬೇಡ ಅಂತೀನಿ. ನನ್ನ ಕಂಪ್ಯೂಟರಲ್ಲಿ ಅದು ಏನಾದ್ರೂ ಪ್ರೋಗ್ರಾಂ ಓಡಿಸಿಬಿಟ್ರೆ?"

"ಅಂಥ ಸಾಲಿದ್ರೆ ಬೇಡ ಅನ್ನು. ಏನು ಕೇಳ್ತಿದೆ ಅಂತ ಮೊದ್ಲು ಓದ್ಬೇಕು ತಾಯಿ. ಬಣ್ಣ, ಅಕ್ಷರದ ಸೈಜಿಗೆಲ್ಲ ಯಾಕೆ ಹೆದರ್ತೀಯ?"

"ಇವತ್ತು ಓದಿದೆ. ಬರೀ ಅಕ್ಷರದ ಸೈಜು. ಹಳೇ ಫೈಲಲ್ಲಿ ಸ್ವಲ್ಪ ದೊಡ್ಡದು, ಆಮೇಲಿನ ಫೈಲಲ್ಲಿ ಇನ್ನೂ ದೊಡ್ಡದು. ಮೊನ್ನೆ ಅವನು ಬರೆದಿದ್ದಕ್ಕೆ ಹೂಂ ಅಂದೆ. ಸ್ಕ್ರೀನ್ ತುಂಬಾ ನಾಲ್ಕೇ ಪದ."

ಫ್ಲೈಓವರಿನ ಸದ್ದು ಎಲ್ಲೋ ದೂರದ ನೀರಿನಂತೆ ಕೇಳಿಸಿತು.

"ಅವನಿಗೆ ಕಣ್ಣು ಕಾಣ್ತಿಲ್ವಾ, ಶ್ವೇತ?"

"ಕೆಲಸದಲ್ಲಿ ತಪ್ಪು ಜಾಸ್ತಿ ಅಂತ ನಾಳೆ ಅವನನ್ನ ತೆಗೀತಿದಾರೆ. ಆ ಕಂಪ್ಲೇಂಟ್ ಕೊಟ್ಟಿದ್ದು ನಾನು."

"ಅವನ್ಯಾಕೆ ಹೇಳ್ಲಿಲ್ಲ?"

"ಕಲಬುರಗಿಯಿಂದ ಬಂದು ಈಗಷ್ಟೇ ರೂಮು ಮಾಡಿದಾನೆ. ಹೇಳಿದ್ರೆ ಕೆಲಸ ಹೋಗುತ್ತೆ ಅಂದ್ಕೊಂಡಿರ್ತಾನೆ."

"ಹಾಗಾದ್ರೆ ಟೀಮ್ ಲೀಡ್‌ಗೆ ಫೋನ್ ಮಾಡಿ ಹೇಳು."

"ಅವನು ಬಚ್ಚಿಟ್ಟಿದ್ದನ್ನ ಅವನ್ನ ಕೇಳದೆ ಹೇಗೋ ಹೇಳ್ಲಿ?"

ಕಮ್ಮನಹಳ್ಳಿಯ ಬಸ್ಸು ಬಂತು. ನಿತೀಶ್ ಹತ್ತಿ, ಬಾ ಎಂದು ಕೈ ಮಾಡಿದ.

"ನೀನು ಹೋಗು. ಅವನ ರೂಮು ಹೊಸ ತಿಪ್ಪಸಂದ್ರದಲ್ಲಿ," ಎಂದವಳು ರಸ್ತೆ ದಾಟಿದಳು.