ಗಯಾಕ್ಕೆ ಹೊರಟ ಗ್ರಿಲ್ಲು

ಮಾಗಿಯ ಚಳಿ, ಬೆಳಗಿನ ಹತ್ತರ ಹೊತ್ತು. ಆಳಂದದ ಅಂಗಡಿಯೊಂದರಲ್ಲಿ ಗ್ಯಾಸ್ ಒಲೆಯ ರಿಪೇರಿಗೆ ಕಾಯುತ್ತಾ ಕುಳಿತಿದ್ದೆ. ಧಮ್ಮಪಾಲ, ಪಂಚಶೀಲಾ ಎಂಬ ಗಂಡಹೆಂಡತಿ ಇದ್ದಲಿನ ಗ್ರಿಲ್ಲು ನೋಡುತ್ತಿದ್ದರು. ಮಂಚ ಕೂಡಿಸಿದ ಅವರ ವ್ಯಾನು ಹೊರಗೆ ನಿಂತಿತ್ತು.

"ಇದು ಚಲೋ ಅದ. ನಿಂತು ಸುಡಬಹುದು," ಎಂದ ಧಮ್ಮಪಾಲ.

"ನಮ್ಮತ್ತಿ ನಿಂತು ರೊಟ್ಟಿ ಬಡೀತಾರೇನ್ರಿ?"

"ದಾರ್‍ಯಾಗ ಹೋಟೆಲ್ ಇಲ್ಲೇನು?"

"ಕೆಂಡದ ಮ್ಯಾಲ ಉಬ್ಬಿದ ತನ್ನ ಕೈ ರೊಟ್ಟಿ ಇಲ್ಲಂದ್ರ ಗಾಡಿ ಹತ್ತಂಗಿಲ್ಲ ಅಂದಾರ ನಿಮ್ಮವ್ವ. ಮರ್ತ್ರೇನು?"

"ಅವ್ವಗ ಗಯಾ ತೋರ್ಸಾಕಂತನ ಹೊಂಟೇವಲ್ಲ!"

ಪಂಚಶೀಲಾ ಬುತ್ತಿ ಬಿಚ್ಚಿ, ಒಂದು ಜೋಳದ ರೊಟ್ಟಿಯನ್ನು ಗ್ರಿಲ್ಲಿನ ಜಾಳಿಗೆಯ ಮೇಲಿಟ್ಟಳು.

"ಅಗಲ ಸರಿ ಅದ. ಸಾವ್ಕಾರ್ರ, ಇದ್ರ ಕಾಲು ಬಿಚ್ಚಾಕ ಬರ್ತಾವೇನ್ರಿ?"

"ಬರ್ತಾವ್ರಿ. ಖರೆ, ಆಮ್ಯಾಲ ಅದು ಬರೀ ಡಬ್ಬಾ," ಎಂದ ಅಂಗಡಿಯವ.

"ನಮ್ಮತ್ತಿಗಿ ಅದೇ ಒಲಿ."

ಕಾಲು ಬಿಚ್ಚಿಸಿದರು. ಧಮ್ಮಪಾಲ ಅದರ ಮುಂದೆ ನೆಲದ ಮೇಲೆ ಕುಳಿತು, ಗಾಳಿಯಲ್ಲೇ ರೊಟ್ಟಿ ಬಡಿದ, ತಿರುವಿಹಾಕಿದ.

"ಕೈಗಿ ಬರೋಬ್ಬರಿ ಬಂತು. ಅವ್ವ ಬರ್ತಾಳ ಬೇ!"

"ಏಳ್ರಿ, ಮಂದಿ ನೋಡಾಕತ್ತಾರ."

ನಾಲ್ಕೂ ಕಾಲುಗಳನ್ನು ಅಂಗಡಿಯಲ್ಲೇ ಬಿಟ್ಟು, ಇಬ್ಬರೂ ಅಂದೇ ಅವ್ವನನ್ನು ಕರೆತರಲು ಅತನೂರಿಗೆ ಹೋದರು.